ಎಂಟು ಸೆಕೆಂಡಿನ ಪುಟ

ಜೂನ್ 16, ಸೋಮವಾರ. ಹಿಂದೂಪುರ

ಕಲ್ಯಾಣದುರ್ಗದ ಕಡೆಯಿಂದ ಇವತ್ತು ಹದಿನಾಲ್ಕು ಫೋನು, ಹದಿನಾಲ್ಕರಲ್ಲೂ ಒಂದೇ ಗೋಳು. ಪೇಜು ಅರ್ಧ ಬರುತ್ತದಂತೆ, ಮಿಕ್ಕ ಅರ್ಧ ಬರುವುದಿಲ್ಲವಂತೆ. ಅರ್ಧ ಬಂದ ಪುಟವನ್ನು ಮತ್ತೊಮ್ಮೆ ತೆರೆಯಬೇಕು ಎಂಬುದು ಮೂರನೇ ಕ್ಲಾಸಿನ ಮಕ್ಕಳಿಗೂ ಗೊತ್ತು. ಈ ಜನಕ್ಕೆ ಅದನ್ನೂ ತುತ್ತು ಮಾಡಿ ಬಾಯಿಗಿಡಬೇಕು.

ನಾಳೆ ನಮ್ಮ ಆಫೀಸಿನ ಯಜಮಾನ ಜಯಚಂದ್ರ ಸಾರ್ ಇದನ್ನು ನನ್ನ ತಲೆಗೆ ಕಟ್ಟುವ ಮೊದಲು ಇಲ್ಲಿ ಬರೆದಿಟ್ಟುಕೊಳ್ಳುತ್ತೇನೆ. ಕನ್ನಡದಲ್ಲಿ ಬರೆದರೆ ಅವರಿಗೆ ಓದಲು ಬಾರದು, ಅದೊಂದು ಸುಖ. ಇಲ್ಲಿನ ಒಂದು ಟ್ರಸ್ಟು ಹೆಂಗಸರಿಗೆ ಒಂದು ವರ್ಷದ ಆಸ್ಪತ್ರೆ ಸಹಾಯಕಿ ತರಬೇತಿ ಕೊಡುತ್ತದೆ. ಊಟ, ಹಾಸ್ಟೆಲ್, ಮುಗಿದ ಮೇಲೆ ಅವರ ಆಸ್ಪತ್ರೆಯಲ್ಲೇ ಕೆಲಸ. ಮೂವತ್ತು ಸೀಟು. ಆಯ್ಕೆಯಾದವಳು ಶುಕ್ರವಾರ ಸಂಜೆ ಐದರೊಳಗೆ ತನ್ನ ಅರ್ಜಿ ನಂಬರಿನ ಪುಟ ತೆರೆದು, ಕೆಳಗಡೆ ಇರುವ ‘ಒಪ್ಪಿಗೆ’ ಗುಂಡಿ ಒತ್ತಬೇಕು. ಒತ್ತದಿದ್ದರೆ ಸೀಟು ಪಟ್ಟಿಯಲ್ಲಿ ಮುಂದಿರುವವಳಿಗೆ ಹೋಗುತ್ತದೆ. ಇಷ್ಟೇ. ಗುಂಡಿ ಒತ್ತಲು ಬಾರದವರು ನಾಳೆ ರೋಗಿಗೆ ಇಂಜೆಕ್ಷನ್ ತಂದುಕೊಡುತ್ತಾರಂತೆ!

ಟ್ರಸ್ಟಿಗಾಗಿ ನಮ್ಮ ಆಫೀಸಿನಿಂದ ಈ ಪುಟ ಬರೆದವಳು ನಾನು. ಮೇಲಿನ ಅರ್ಧ, ಅಂದರೆ ಟ್ರಸ್ಟಿನ ಹೆಸರು ಮತ್ತು ಅಧ್ಯಕ್ಷರ ದೊಡ್ಡ ಮುಖ, ಮೊದಲು ಬರುತ್ತದೆ. ಕೆಳಗಿನ ಅರ್ಧ, ಅಂದರೆ ಹೆಸರು ಮತ್ತು ಗುಂಡಿ, ಹಿಂದಿನಿಂದ ಬರುತ್ತದೆ. ಅಷ್ಟರತನಕ ಒಂದು ಉಂಗುರ ತಿರುಗುತ್ತಿರುತ್ತದೆ. ಆಫೀಸಿನಲ್ಲಿ ಎರಡು ಸೆಕೆಂಡಿನಲ್ಲಿ ಎಲ್ಲ ಬಂದು ಕೂರುತ್ತದೆ, ನೂರು ಸಲ ನೋಡಿದ್ದೇನೆ. ನನ್ನ ಪುಟದಲ್ಲಿ ಹುಳುಕಿಲ್ಲ.

ಜೂನ್ 17, ಮಂಗಳವಾರ

ಇವತ್ತು ಇಪ್ಪತ್ತೊಂದು ಫೋನು. ಗಂಟಲು ಹರಿದುಹೋಯಿತು. ಬ್ರೌಸರ್ ಬದಲಿಸಿ ಅಂದರೆ ಬ್ರೌಸರ್ ಅಂದರೇನು ಅನ್ನುತ್ತಾರೆ. ಹಿಸ್ಟರಿ ಅಳಿಸಿ ಅಂದರೆ ನನ್ನ ಮಗಳ ಸೀಮಂತದ ಫೋಟೋ ಹೋಗುತ್ತದಾ ಅನ್ನುತ್ತಾರೆ.

ಎಲ್ಲಕ್ಕಿಂತ ಮೇಲು ಅಮರೇಶಪ್ಪ ಎಂಬಾತ. ಕಲ್ಯಾಣದುರ್ಗದಲ್ಲಿ ಗೊಬ್ಬರದ ಅಂಗಡಿ ಇಟ್ಟು, ಅದರ ಮೂಲೆಯಲ್ಲಿ ಒಂದು ಕಂಪ್ಯೂಟರ್ ಕೂರಿಸಿಕೊಂಡು, ಸುತ್ತಲ ಹಳ್ಳಿಗಳ ಅರ್ಜಿಗಳನ್ನೆಲ್ಲ ತುಂಬುತ್ತಾನಂತೆ. ಈ ಹೆಂಗಸರ ಅರ್ಜಿಗಳನ್ನೂ ಅವನೇ ತುಂಬಿದ್ದು. ಅವನು ಎಲ್ಲರಿಗೂ ಕೊಟ್ಟ ಬುದ್ಧಿವಾದ ಏನು ಗೊತ್ತೇ? ಪೇಜು ಮುಚ್ಚಬೇಡಿ, ಮುಚ್ಚಿ ತೆಗೆದರೆ ನಂಬರು ಹಿಂದಕ್ಕೆ ಹೋಗುತ್ತದೆ! ಯಾವುದೋ ಸರ್ಕಾರಿ ವೆಬ್‌ಸೈಟಿನಲ್ಲಿ ಹಾಗಾಗಿತ್ತಂತೆ, ಅದಕ್ಕೆ. ಅದು ಕ್ಯೂ ಅಲ್ಲಪ್ಪ, ಬರೀ ಪೇಜು ಎಂದು ಮೂರು ಸಲ ಹೇಳಿದೆ. ಮೂರು ಸಲವೂ ‘ಆಗ್ಲಿ ತಾಯಿ’ ಅಂದ. ಕೇಳಿಸಿಕೊಂಡಿಲ್ಲ ಎಂದು ಆ ದನಿಯಲ್ಲೇ ಗೊತ್ತಾಯಿತು.

ಜೂನ್ 18, ಬುಧವಾರ. ಕಲ್ಯಾಣದುರ್ಗ

ಜಯಚಂದ್ರ ಸಾರ್ ನನ್ನನ್ನು ಇಲ್ಲಿಗೆ ಅಟ್ಟಿದ್ದಾರೆ. ತಾವು ಎ.ಸಿ. ಕೆಳಗೆ ಕೂತು, ‘ನೀನೇ ಒಂದ್ಸಲ ಹೋಗಿ ನೋಡಿ ಬಂದ್ಬುಡು’ ಅಂದರು. ಪೆನುಕೊಂಡದಲ್ಲಿ ಬಸ್ಸು ಬದಲಿಸಿ, ಪಕ್ಕದವಳ ಕೋಳಿಬುಟ್ಟಿಯನ್ನು ಮೊಣಕಾಲಿಗೆ ಒತ್ತಿಸಿಕೊಂಡು, ಇಂಥ ಬಿಸಿಲಿನಲ್ಲಿ ಬಂದು ಇಳಿದೆ.

ಬಸ್ ಸ್ಟ್ಯಾಂಡಿನಲ್ಲಿ ನನ್ನ ಫೋನಿನಲ್ಲೇ ಪುಟ ತೆರೆದು ನೋಡಿದೆ. ಐದು ಸೆಕೆಂಡಿನಲ್ಲಿ ಪೂರ್ತಿ ಬಂತು. ಗುಂಡಿಯೂ ಬಂತು. ನನ್ನ ಕೆಲಸ ಅಲ್ಲಿಗೇ ಮುಗಿಯಿತು, ಆದರೆ ವಾಪಸು ಬಸ್ಸು ಇರಲಿಲ್ಲ. ಲಾಡ್ಜಿನ ದಿಂಬಿಗೆ ಯಾರದೋ ತಲೆಎಣ್ಣೆಯ ವಾಸನೆ.

ಜೂನ್ 19, ಗುರುವಾರ. ಕಲ್ಯಾಣದುರ್ಗ

ಅಂಗಡಿಗೆ ಹೋದೆ. ಅಮರೇಶಪ್ಪ ವಿಭೂತಿ ಬಳಿದುಕೊಂಡು ಯೂರಿಯಾ ಮೂಟೆಗಳ ಮಧ್ಯೆ ಕೂತಿದ್ದ. ಕಂಪ್ಯೂಟರಿನ ಕೀಲಿಗಳ ಮೇಲೆ ಬೆರಳು ಇಟ್ಟರೆ ಗೊಬ್ಬರದ ಪುಡಿ ಅಂಟುತ್ತದೆ. ಆರೇಳು ಹೆಂಗಸರು ಆಗಲೇ ಬಂದು ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದರು. ಎಲ್ಲರ ಕೈಯಲ್ಲೂ ಫೋನು, ಎಲ್ಲ ಫೋನಿನಲ್ಲೂ ಅಧ್ಯಕ್ಷರ ಮುಖ, ಅದರ ಕೆಳಗೆ ತಿರುಗುವ ಉಂಗುರ.

ಆ ಅಂಗಡಿಯ ನೆಟ್ಟಿನಲ್ಲಿ ನನಗೂ ಬರಲಿಲ್ಲ. ಅವಮಾನವಾಯಿತು ಅನ್ನುವುದಕ್ಕಿಂತ ಮೈ ಉರಿಯಿತು. ಬ್ರೌಸರ್ ಬದಲಿಸಿದೆ. ಹಳೆಯದನ್ನೆಲ್ಲ ಅಳಿಸಿದೆ. ಜಾಹೀರಾತು ತಡೆಯುವ ಸಾಮಾನೇನಾದರೂ ಇದೆಯಾ ನೋಡಿದೆ, ಇರಲಿಲ್ಲ. ಹದಿನೇಳನೇ ಸಲ ಮತ್ತೆ ತೆರೆದಾಗ ಬಂತು. ನೋಡಿ, ಬಂತಲ್ಲ, ಬರುವತನಕ ಮತ್ತೆ ಮತ್ತೆ ಒತ್ತುತ್ತಿರಿ, ಬುದ್ಧಿ ಇರುವವರು ಮಾಡುವುದು ಹಾಗೆ ಎಂದು ಎಲ್ಲರ ಎದುರಿಗೆ ಹೇಳಿದೆ. ಚಿಕ್ಕ ವಯಸ್ಸಿನವರು ಕೂಡಲೇ ಶುರು ಮಾಡಿದರು. ಊಟದ ಹೊತ್ತಿಗೆ ಇಬ್ಬರಿಗೆ ಗುಂಡಿ ಸಿಕ್ಕಿತು, ಒತ್ತಿದರು, ಒಬ್ಬಳು ಅತ್ತೇಬಿಟ್ಟಳು. ಗುಂಡಿಗೆ ಅಳುತ್ತಾರೆ.

ಬಾರದವರ ಊರಿನಲ್ಲಿ ಸಿಗ್ನಲ್ ಇಲ್ಲ, ಅದಕ್ಕೆ ನಾನೇನು ಮಾಡಲಿ? ನೆಟ್‌ವರ್ಕ್ ದೋಷ ಎಂದು ಬರೆದುಕೊಂಡು ಮಧ್ಯಾಹ್ನದ ಬಸ್ಸು ಹಿಡಿದೆ. ಅಮರೇಶಪ್ಪ ಒಂದು ಪೊಟ್ಟಣ ಹುರಿದ ಕಡಲೆಕಾಯಿ ಕೊಟ್ಟ. ಬೇಡವೆಂದರೂ ಬ್ಯಾಗಿಗೆ ತುರುಕಿದ.

ಜೂನ್ 20, ಶುಕ್ರವಾರ. ಹಿಂದೂಪುರ

ಐದು ಗಂಟೆಗೆ ಮುಗಿಯಿತು. ಮೂವತ್ತರಲ್ಲಿ ಇಪ್ಪತ್ತಮೂರು. ಬಾರದ ಏಳೂ ಕಲ್ಯಾಣದುರ್ಗದ ಕಡೆಯವರೇ. ಬರೆಯಲು ಮನಸ್ಸಿಲ್ಲ.

ಜೂನ್ 21, ಶನಿವಾರ

ಟ್ರಸ್ಟಿನವರು ದೊಡ್ಡ ಮನಸ್ಸು ಮಾಡಿದ್ದಾರೆ. ಯಾರು ಎಷ್ಟು ಹೊತ್ತಿಗೆ ಪುಟ ಕೇಳಿದರು ಎಂದು ಸರ್ವರ್ ತಾನಾಗಿಯೇ ಬರೆದುಕೊಳ್ಳುತ್ತದೆ. ಆ ಪಟ್ಟಿಯಲ್ಲಿ ಹತ್ತು ಸಲಕ್ಕಿಂತ ಹೆಚ್ಚು ಪ್ರಯತ್ನ ಮಾಡಿದವರಿಗೆ ನಿಜವಾಗಿ ಸೀಟು ಬೇಕಿತ್ತು ಎಂದು ಲೆಕ್ಕ, ಅವರಿಗೆ ಇನ್ನೊಂದು ಅವಕಾಶ. ಕಡಿಮೆ ಮಾಡಿದವರಿಗೆ ಆಸಕ್ತಿ ಇಲ್ಲ. ನಾವು ‘ಕಲ್ಯಾಣದುರ್ಗದಲ್ಲಿ ನೆಟ್‌ವರ್ಕ್ ದೋಷ’ ಎಂದು ಒಂದು ಪತ್ರ ಬರೆದು ಸಹಿ ಹಾಕಿ ಕೊಟ್ಟರೆ ಸಾಕು.

ಪಟ್ಟಿ ತೆಗೆದೆ. ಆರು ಜನಕ್ಕೆ ಇಪ್ಪತ್ತು, ಮೂವತ್ತೊಂದು, ಒಬ್ಬಳಿಗೆ ತೊಂಬತ್ತೆರಡು ಸಲ. ಏಳನೆಯವಳು ಎರ್ರಮ್ಮ, ಬ್ರಹ್ಮಸಮುದ್ರ ಮಂಡಲ, ವಯಸ್ಸು ಮೂವತ್ತೊಂಬತ್ತು. ಒಂದೇ ಒಂದು ಸಲ. ಮಂಗಳವಾರ ಬೆಳಿಗ್ಗೆ ಆರು ನಲವತ್ತಕ್ಕೆ ಒಮ್ಮೆ ತೆರೆದಿದ್ದಾಳೆ, ಆಮೇಲೆ ಈ ಕಡೆ ತಲೆ ಹಾಕಿಲ್ಲ. ನಲವತ್ತು ತುಂಬಿದರೆ ಈ ತರಬೇತಿಗೆ ಸೇರಿಸಿಕೊಳ್ಳುವುದಿಲ್ಲ, ಅಂದರೆ ಇದೇ ಕೊನೆಯ ವರ್ಷ. ಆದರೂ ಒಂದೇ ಸಲ. ಇಂಥವರ ಹೆಸರು ಪಟ್ಟಿಗೆ ಬರುವುದೇ ದಂಡ.

ಆಸಕ್ತಿ ಇಲ್ಲ ಎಂದು ಅವಳ ಬಾಯಲ್ಲೇ ಕೇಳಿ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರೆ ಟ್ರಸ್ಟಿಗೆ ನಿರಾಳ. ಫೋನು ಮಾಡಿದೆ. ಕಟ್ ಮಾಡಿದಳು. ಮತ್ತೆ ಮಾಡಿದೆ, ಮತ್ತೆ ಕಟ್. ಹನ್ನೊಂದು ಸಲ! ಏನು ಸೊಕ್ಕು! ಸಾರ್‌ಗೆ ಹೇಳಿದರೆ, ನಾಳೆ ಹೋಗಿ ಸಹಿ ಹಾಕಿಸಿಕೊಂಡು ಬಾ, ಬೇರೆ ದಿನ ರಜೆ ತೆಗೆದುಕೋ ಅಂದರು.

ಪಟ್ಟಿಯಲ್ಲಿ ಒಂದು ಸಣ್ಣ ವಿಷಯ. ಅವಳ ಪುಟ ಕೇಳಿದ್ದಕ್ಕೆ ಸರ್ವರ್ ಉತ್ತರ ಕಳಿಸಿದೆ, ಮೂವತ್ತೊಂದು ಸೆಕೆಂಡಿನ ಮೇಲೆ. ಹೋಗಿ ತಲುಪಿಯೂ ಇದೆ. ತಲುಪಿದ್ದರೆ ಗುಂಡಿ ಕಾಣಬೇಕಿತ್ತು. ಕಂಡೂ ಒತ್ತಲಿಲ್ಲವೋ ಏನೋ. ಸಾಕು.

ಜೂನ್ 22, ಭಾನುವಾರ. ಕಲ್ಯಾಣದುರ್ಗ, ಅದೇ ಲಾಡ್ಜು

ಅಮರೇಶಪ್ಪ ಅಂಗಡಿ ಮುಚ್ಚಿ ತನ್ನ ಮೊಪೆಡ್ಡಿನಲ್ಲಿ ಕರೆದುಕೊಂಡು ಹೋದ. ಬ್ರಹ್ಮಸಮುದ್ರದಿಂದ ಒಳಕ್ಕೆ ನಾಲ್ಕು ಕಿಲೋಮೀಟರ್, ರಸ್ತೆ ಅನ್ನುವುದಕ್ಕೆ ನಾಚಿಕೆಯಾಗಬೇಕು. ದಾರಿಯುದ್ದಕ್ಕೂ ನನಗೆ ಎರ್ರಮ್ಮನ ಪುರಾಣ. ಗಂಡ ಇಲ್ಲ, ಕೂಲಿಗೆ ಹೋಗುತ್ತಾಳೆ, ಹತ್ತನೇ ಕ್ಲಾಸು ಪಾಸು. ಊರಿನಲ್ಲಿ ಯಾರಾದರೂ ಹಾಸಿಗೆ ಹಿಡಿದರೆ, ಬಾಣಂತಿಗೆ ನೀರು ಹಾಕಬೇಕಾದರೆ ಅವಳನ್ನೇ ಕರೆಯುತ್ತಾರೆ. ಅದೇ ಕೆಲಸವನ್ನು ಯೂನಿಫಾರಂ ಹಾಕಿಕೊಂಡು ಮಾಡಬೇಕು ಅಂತ ಅವಳ ಆಸೆಯಂತೆ. ಆಸೆ ಇದ್ದವಳು ಹನ್ನೊಂದು ಸಲ ಫೋನು ಕಟ್ ಮಾಡುತ್ತಾಳಾ ಎಂದು ಕೇಳಿದೆ.

ಮನೆಯಲ್ಲಿರಲಿಲ್ಲ. ನೀರಿನ ಟ್ಯಾಂಕಿನ ಹತ್ತಿರ ಇದ್ದಾಳೆ ಎಂದರು. ಆ ಊರಿನಲ್ಲಿ ಸಿಗ್ನಲ್ ಸಿಗುವುದು ಅಲ್ಲೊಂದೇ ಕಡೆ. ಟ್ಯಾಂಕಿನ ಮೆಟ್ಟಿಲ ಮೇಲೆ, ಕೊಡೆ ಬಿಡಿಸಿಕೊಂಡು ಒಬ್ಬ ಹೆಂಗಸು ಕೂತಿದ್ದಳು. ಎದುರಿಗೆ ಒಂದು ಮಡಿಸಿದ ಟವೆಲು, ಟವೆಲಿನ ಮೇಲೆ ಫೋನು, ಫೋನಿಗೆ ಯಾರದೋ ಟ್ರ್ಯಾಕ್ಟರಿನ ಬ್ಯಾಟರಿಯಿಂದ ವೈರು. ಪಕ್ಕದಲ್ಲಿ ನಾದಿನಿ ಮುನಿಯಕ್ಕ. ಗಾಜು ಕಪ್ಪಾಗಲು ಹೊರಟಾಗೆಲ್ಲ ಮುನಿಯಕ್ಕ ಮೂಲೆಯಲ್ಲಿ ಮೆಲ್ಲಗೆ ಬೆರಳು ತಾಗಿಸುತ್ತಾಳೆ. ಪರದೆಯ ಮೇಲೆ ಅಧ್ಯಕ್ಷರ ಮುಖ. ಕೆಳಗೆ ಉಂಗುರ ತಿರುಗುತ್ತಿತ್ತು. ಮಂಗಳವಾರದಿಂದ.

ಫೋನು ಯಾಕಮ್ಮ ಎತ್ತಲಿಲ್ಲ ಅಂತ ಜೋರು ಮಾಡಿದೆ.

“ಎತ್ತಿದ್ರೆ ಪೇಜು ಹೊಂಟೋಯ್ತದೆ ಮೇಡಮ್ನೋರೆ.”

ಶುಕ್ರವಾರವೇ ಸಮಯ ಮುಗಿದಿದೆ ಎಂದೆ. ಅವಳಿಗೆ ಗಾಬರಿಯೇ ಆಗಲಿಲ್ಲ. ನನಗೆ ತಿಳಿಯದು ಅಂದುಕೊಂಡು ನಿಧಾನವಾಗಿ ಬಿಡಿಸಿ ಹೇಳಿದಳು.

“ಮುಗೀಲಿ ಕಣಮ್ಮ. ನಾನು ಮಂಗಳವಾರದಿಂದ ಲೈನಾಗೆ ಇವ್ನಿ. ಓಟಿನ ದಿವ್ಸ ಟೈಮಾದಾಗ ಗೇಟಿನ ಒಳಗಿರೋರ್ಗೆಲ್ಲ ಚೀಟಿ ಕೊಟ್ಟು ಓಟು ಹಾಕುಸ್ತಾರಲ್ಲ, ಹಂಗೇಯ. ಒಳಗಿದ್ದೋರ್ನ ಯಾರೂ ಆಚೀಕ್ ಕಳ್ಸಾಕಿಲ್ಲ. ಇಲ್ಲೇ ಬರ್ದವ್ರೆ ನೋಡಿ.”

ಉಂಗುರದ ಕೆಳಗೆ ತೆಲುಗಿನಲ್ಲಿ ಎರಡು ಸಾಲು. ದಯವಿಟ್ಟು ಕಾಯಿರಿ, ಪುಟ ಮುಚ್ಚಬೇಡಿ. ಯಾರೂ ಓದುವುದಿಲ್ಲ, ಜಾಗ ಖಾಲಿ ಕಾಣಬಾರದು ಅಂತ ಫೆಬ್ರವರಿಯಲ್ಲಿ ನಾನೇ ಟೈಪ್ ಮಾಡಿದ್ದು.

ಸಹಿ ಹಾಕಿಸುವ ಕಾಗದ ಬ್ಯಾಗಿನಲ್ಲೇ ಇತ್ತು. ತೆಗೆಯಲಿಲ್ಲ, ಪೆನ್ನು ಸಿಗಲಿಲ್ಲ. ಪೇಜನ್ನು ಹಾಗೇ ಬಿಡಿ, ಮುಟ್ಟಬೇಡಿ ಎಂದು ಹೇಳಿ, ಅದರದೊಂದು ಫೋಟೋ ತೆಗೆದುಕೊಂಡೆ. ಸಾಕ್ಷಿಗೆ ಬೇಕಾಗುತ್ತದೆ, ಅಷ್ಟೇ. ಅವರ ಮನೆಯಲ್ಲಿ ರೊಟ್ಟಿ ಹಾಕಿಕೊಟ್ಟರು. ಹಸಿವಾಗಿತ್ತು, ಮೂರು ತಿಂದೆ. ಎರ್ರಮ್ಮ ಮಾತ್ರ ಊಟಕ್ಕೆ ಬರಲಿಲ್ಲ, ಅವರ ತಟ್ಟೆಯನ್ನು ಟ್ಯಾಂಕಿನ ಹತ್ತಿರಕ್ಕೇ ಕಳಿಸಿದರು.

ಲಾಡ್ಜಿಗೆ ಬಂದು ಲ್ಯಾಪ್‌ಟಾಪ್ ತೆರೆದು ಪುಟದ ಕೋಡು ನೋಡಿದೆ. ಇನ್ನೂರ ಹದಿನಾಲ್ಕನೇ ಸಾಲು. ಕೆಳಗಿನ ಅರ್ಧ ಎಂಟು ಸೆಕೆಂಡಿನೊಳಗೆ ಬಾರದಿದ್ದರೆ ಕಾಯುವುದನ್ನು ಬಿಟ್ಟುಬಿಡು. ಬಿಟ್ಟ ಮೇಲೆ ಉಂಗುರ ನಿಲ್ಲಿಸು ಎಂದು ಬರೆಯುವುದನ್ನು ಮರೆತಿದ್ದೇನೆ. ಬಿಟ್ಟೆ ಎಂದು ಓದುವವರಿಗೆ ತಿಳಿಸುವುದನ್ನೂ ಬರೆದಿಲ್ಲ. ಮೂವತ್ತೊಂದನೇ ಸೆಕೆಂಡಿಗೆ ಎರ್ರಮ್ಮನ ಹೆಸರು, ಗುಂಡಿ ಎಲ್ಲ ಅವರ ಫೋನಿಗೆ ಬಂದಿದೆ. ಅಷ್ಟರಲ್ಲಿ ಪುಟ ಎಂದೋ ಕೈಬಿಟ್ಟಿತ್ತು. ಆಮೇಲೆ ಐದು ದಿನ ಸುಮ್ಮನೆ ಆ ಉಂಗುರ ತಿರುಗುತ್ತಿದೆ.

ಎಂಟು ಯಾಕೆ? ಅದಕ್ಕಿಂತ ಹೆಚ್ಚು ಹೊತ್ತು ಯಾರು ಕಾಯುತ್ತಾರೆ ಅಂದುಕೊಂಡಿದ್ದೆ. ಎಂಥಾ ತಲೆ ನನ್ನದು.

ಜೂನ್ 23, ಸೋಮವಾರ. ಹಿಂದೂಪುರ

ಜಯಚಂದ್ರ ಸಾರ್ ಪತ್ರ ಟೈಪ್ ಮಾಡಿಸಿ ಇಟ್ಟಿದ್ದರು, ನನ್ನ ಸಹಿಗೆ ಜಾಗ ಬಿಟ್ಟು. ಕಲ್ಯಾಣದುರ್ಗ ಭಾಗದಲ್ಲಿ ನೆಟ್‌ವರ್ಕ್ ದೋಷವಿತ್ತು, ಪುಟದಲ್ಲಿ ಯಾವ ದೋಷವೂ ಇಲ್ಲ. ನಾನು ಹಾಕುವುದಿಲ್ಲ ಎಂದೆ. ನೆಟ್ಟು ನಿಧಾನ, ನಿಜ. ನಿಧಾನವೇ ದೋಷವಲ್ಲ. ತಾಂತ್ರಿಕವಾಗಿ ಅದು ತಪ್ಪು ಹೇಳಿಕೆ, ತಪ್ಪು ಹೇಳಿಕೆಗೆ ನನ್ನ ಹೆಸರು ಹಾಕುವುದಿಲ್ಲ. ಇದರಲ್ಲಿ ಬೇರೆ ಯಾವ ಮಾತೂ ಇಲ್ಲ.

ಸಾರ್ ಮೊದಲು ನಕ್ಕರು. ಆರು ಜನಕ್ಕೆ ಹೇಗೂ ಸೀಟು ಸಿಗುತ್ತಿದೆ, ಎಲ್ಲರಿಗೂ ಒಳ್ಳೆಯದೇ ಆಗಿದೆ ಎಂದರು. ಆಮೇಲೆ ದನಿ ಬದಲಾಯಿತು.

“ಎಂದುಕೀ ಗೋಲ ಅನಿತಾ, ಯಾಕೀ ರಗಳೆ? ಒಂದು ಸೀಟು. ಆಯಮ್ಮ ಒಂದೇ ಸಲ ತೆಗ್ದವ್ಳೆ. ಅವ್ಳಿಗೇ ಇಲ್ದಿರೋ ಆತುರ ನಿನಗ್ಯಾಕೆ?”

ಒಂದೇ ಸಲ ಸಾಕಾಗಿತ್ತು ಸಾರ್ ಎಂದೆ. ಹೇಳಿದ ಮಾತು ಕೇಳಿದವರು ಆ ಏಳು ಜನರಲ್ಲಿ ಅವರೊಬ್ಬರೇ. ನಾನು ಮುಚ್ಚಬೇಡಿ ಎಂದು ಬರೆದೆ, ಅವರು ಮುಚ್ಚಲಿಲ್ಲ. ಮಾತು ಮೀರಿದವರಿಗೆ ಪ್ರಯತ್ನ ಹೆಚ್ಚು ಅಂತ ಸೀಟು ಕೊಟ್ಟು, ಮಾತು ಕೇಳಿದವರಿಗೆ ಆಸಕ್ತಿ ಇಲ್ಲ ಅನ್ನುತ್ತೀರಾ? ನನ್ನ ದನಿ ಜಾಸ್ತಿಯಾಯಿತು ಅನಿಸುತ್ತದೆ. ಸಾರ್ ಎದ್ದು ಬಾಗಿಲು ಹಾಕಿದರು.

ಹೋಗಿ ನನ್ನ ಕುರ್ಚಿಯಲ್ಲಿ ಕೂತು ಬೇರೆ ಪತ್ರ ಬರೆದೆ. ದೋಷ ಪುಟದ್ದು. ಎಂಟು ಸೆಕೆಂಡಿಗೆ ಕೈಬಿಡುವ ಸಾಲನ್ನು ಬರೆದವಳು ನಾನು. ಕೈಬಿಟ್ಟಿದ್ದನ್ನು ಪುಟ ತಿಳಿಸಲಿಲ್ಲ, ಕಾಯಿರಿ ಎಂದೇ ತೋರಿಸುತ್ತಿತ್ತು. ಆದ್ದರಿಂದ ಎರ್ರಮ್ಮನವರು ಜೂನ್ 17ರ ಬೆಳಿಗ್ಗೆ 6.40ರಿಂದ ಗಡುವಿನವರೆಗೂ, ಗಡುವು ಮುಗಿದ ಮೇಲೂ, ನಮ್ಮ ಮಾತಿನಂತೆ ಕಾಯುತ್ತಿದ್ದಾರೆ. ಫೋಟೋ ಜೊತೆಗಿದೆ. ಸಹಿ, ಅನಿತಾ. ಟ್ರಸ್ಟಿನ ಆಫೀಸಿಗೆ ನಾನೇ ನಡೆದುಕೊಂಡು ಹೋಗಿ ಕೊಟ್ಟು, ತಲುಪಿತು ಎಂದು ಸೀಲು ಹಾಕಿಸಿಕೊಂಡೆ. ಸಾರ್ ಮೇಲೆ ನಂಬಿಕೆಯಿಲ್ಲ, ಅದಕ್ಕೆ.

ಜೂನ್ 24, ಮಂಗಳವಾರ

ಕೆಲಸ ಇಲ್ಲ. ಯಾರೂ ಮಾತಾಡಿಸುವುದಿಲ್ಲ. ಅಮರೇಶಪ್ಪನವರು ಫೋನು ಮಾಡಿ, ಏನಾಯಿತು ತಾಯಿ ಎಂದು ಕೇಳಿದರು. ತಿಳಿಯದು ಎಂದೆ. ಕಡಲೆಕಾಯಿ ತಿಂದ್ರಾ ಎಂದು ಕೇಳಿದರು. ಈ ಹೊತ್ತಿನಲ್ಲಿ ಕೇಳುವ ಮಾತೇ ಅದು! ತಿಂದೆ, ಚೆನ್ನಾಗಿತ್ತು ಅಂದೆ.

ಜೂನ್ 25, ಬುಧವಾರ

ಟ್ರಸ್ಟಿನ ಉತ್ತರ ಬಂತು. ಆ ಆರು ಜನದ ಸೀಟು ಖಾತ್ರಿ, ಎರ್ರಮ್ಮನವರ ಸೀಟೂ ಅವರದೇ. ನಾಳೆ ಒಂದು ದಿನ ಅವರೊಬ್ಬರಿಗೆ ಪುಟ ತೆರೆದಿರಬೇಕು, ಗುಂಡಿ ಅವರೇ ಒತ್ತಬೇಕು, ನಿಯಮ ನಿಯಮವೇ. ಎರಡನೇ ಪ್ಯಾರಾದಲ್ಲಿ, ಮುಂದಿನ ವರ್ಷದಿಂದ ನಮ್ಮ ಆಫೀಸಿನ ಸೇವೆ ಬೇಡ ಎಂದು ಬರೆದಿದ್ದಾರೆ. ಸಾರ್ ಎರಡನೇ ಪ್ಯಾರಾ ಮಾತ್ರ ಗಟ್ಟಿಯಾಗಿ ಓದಿದರು. ತಿಂಗಳ ಕೊನೆಗೆ ನನಗೂ ಬೇರೆ ಕೆಲಸ ನೋಡಿಕೋ ಎಂದರು. ಅಳು ಬಂತು, ಅವರೆದುರು ಅಳಲಿಲ್ಲ. ಹತ್ತು ವರ್ಷ ಆ ಮನುಷ್ಯನ ಬೆರಳಚ್ಚಿನ ತಪ್ಪುಗಳನ್ನು ತಿದ್ದಿದ್ದೇನೆ.

ಇನ್ನೂರ ಹದಿನಾಲ್ಕನೇ ಸಾಲನ್ನು ಅಳಿಸಿದೆ. ಈಗ ಉತ್ತರ ಬರುವತನಕ ಪುಟ ಕಾಯುತ್ತದೆ.

ಎರ್ರಮ್ಮನವರಿಗೆ ತಿಳಿಸೋಣವೆಂದು ಫೋನು ಮಾಡಿದೆ. ಕಟ್ ಮಾಡಿದರು.

ಜೂನ್ 26, ಗುರುವಾರ. ಬ್ರಹ್ಮಸಮುದ್ರದ ಬಸ್ ನಿಲ್ದಾಣ

ರಜೆ ಕೇಳಲಿಲ್ಲ, ಇನ್ನು ಕೇಳುವುದೇನು. ಮೊದಲ ಬಸ್ಸಿಗೆ ಹೊರಟೆ. ದಾರಿಯುದ್ದಕ್ಕೂ ಒಂದು ಮಾತನ್ನು ಬಾಯಿಪಾಠ ಮಾಡಿಕೊಂಡೆ: ಅದು ಲೈನು ಅಲ್ಲಮ್ಮ, ನನ್ನ ತಪ್ಪು, ಹತ್ತು ದಿನ ನಿಮ್ಮನ್ನು ಬಿಸಿಲಿನಲ್ಲಿ ಕೂರಿಸಿದವಳು ನಾನು. ಎಷ್ಟು ಸಲ ಹೇಳಿಕೊಂಡರೂ ಮಾತು ಡೊಂಕಾಗಿಯೇ ಬರುತ್ತಿತ್ತು.

ಟ್ಯಾಂಕಿನ ಮೆಟ್ಟಿಲು, ಕೊಡೆ, ಟವೆಲು, ಉಂಗುರ. ಪುಟವನ್ನು ಮತ್ತೆ ತೆರೆಯಬೇಕು ಎಂದು ನಾನು ಕೈ ಚಾಚಿದ ಕೂಡಲೇ ಎರ್ರಮ್ಮನವರು ಎರಡೂ ಕೈಯಿಂದ ಫೋನನ್ನು ಮುಚ್ಚಿದರು.

“ಬ್ಯಾಡ ಮೇಡಮ್ನೋರೆ. ಹತ್ತು ದಿನ ಕಾದಿವ್ನಿ. ಈಗ ಹಿಂದಕ್ ಹೋದ್ರೆ ನನ್ನ ವಯಸ್ಸೇ ಮುಗ್ದೋಯ್ತದೆ.”

“ಹೋಗಾಕಿಲ್ಲ ಕಣಮ್ಮ” ಎಂದೆ. “ನಾನಿಲ್ಲೇ ಇವ್ನಿ.”

ನನ್ನ ಮುಖ ನೋಡಿ ಕೈ ತೆಗೆದರು. ಬೆರಳಿನಿಂದ ಕೆಳಕ್ಕೆ ಎಳೆದೆ. ಎಲ್ಲ ಬೆಳ್ಳಗಾಯಿತು. ಅಧ್ಯಕ್ಷರ ಮುಖ ಬಂತು. ಉಂಗುರ ಬಂತು. ನಾನು ಎಣಿಸತೊಡಗಿದೆ. ಎಂಟು ದಾಟಿತು. ಇಪ್ಪತ್ತು ದಾಟಿತು. ಬಾಯಿಪಾಠ ಮಾಡಿದ್ದನ್ನು ಈಗಲೇ ಹೇಳಿಬಿಡೋಣ ಎಂದು ಶುರು ಮಾಡಿದೆ. ಮುನಿಯಕ್ಕ ನನ್ನ ಮೊಣಕೈ ಹಿಡಿದು, ಸುಮ್ಕಿರಿ, ಬತ್ತಾ ಐತೆ ಎಂದರು. ಎಣಿಕೆ ಮುಂದುವರಿಸಿದೆ. ನಲವತ್ತೊಂದಕ್ಕೆ ಬಂತು. ಹೆಸರು ಬಂತು, ಊರು ಬಂತು, ಕೊನೆಗೆ ಹಸಿರು ಗುಂಡಿ ಬಂತು.

ಎರ್ರಮ್ಮನವರು ಹೆಬ್ಬೆರಳನ್ನು ಸೆರಗಿಗೆ ಚೆನ್ನಾಗಿ ಒರೆಸಿಕೊಂಡು ಗುಂಡಿಯ ಹತ್ತಿರ ತಂದರು. ಅಲ್ಲೇ ನಿಲ್ಲಿಸಿ ನನ್ನ ಕಡೆ ತಿರುಗಿದರು.

“ನನ್ ಹಿಂದ್ಗಡೆ ಎಷ್ಟು ಜನ ಅವ್ರೆ ಮೇಡಮ್ನೋರೆ? ನನ್ನಿಂದ ಅವ್ರ್ಗೆಲ್ಲ ಲೇಟಾಗೋಯ್ತೇನೋ.”

ಯಾರೂ ಇರಲಿಲ್ಲ. ಪುಟ ತೆರೆದಿದ್ದು ಅವರೊಬ್ಬರಿಗೆ.

“ಅವ್ರೆ, ಕಾಯ್ತಾರೆ” ಎಂದೆ. “ನೀವು ನಿಧಾನಕ್ ಒತ್ತಿ.”

ಒತ್ತಿದರು.